ಹತ್ತೊಂಬತ್ತು ವರ್ಷ ಹಿಡಿದ ಕಸುಬು

2011ರ ಸೆಪ್ಟೆಂಬರ್ 29ರಂದು ತಮಿಳುನಾಡಿನ ಧರ್ಮಪುರಿಯ ಸೆಷನ್ಸ್ ನ್ಯಾಯಾಲಯ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ 269 ಆರೋಪಿಗಳಿದ್ದರು. ಅರಣ್ಯ ಇಲಾಖೆಯವರು 155 ಮಂದಿ, ಪೊಲೀಸರು 108 ಮಂದಿ, ಕಂದಾಯ ಇಲಾಖೆಯವರು 6 ಮಂದಿ. ವಿಚಾರಣೆ ಮುಗಿಯುವಷ್ಟರಲ್ಲಿ 54 ಮಂದಿ ತೀರಿಕೊಂಡಿದ್ದರು. ಉಳಿದ 215 ಮಂದಿಯೂ ತಪ್ಪಿತಸ್ಥರೆಂದು ತೀರ್ಪಾಯಿತು. ಇವರ ಎದುರು ಸಾಕ್ಷಿ ಹೇಳಿದವರು ವಾಚಾತ್ತಿ ಎಂಬ ಪುಟ್ಟ ಊರಿನ ಮಲೆಯಾಳಿ ಬುಡಕಟ್ಟಿನ ಜನ. ಇವರು ಕೇರಳದವರಲ್ಲ, ಸೇಲಂ ಮತ್ತು ಧರ್ಮಪುರಿಯ ಬೆಟ್ಟಸಾಲುಗಳಲ್ಲಿ ತಲೆತಲಾಂತರದಿಂದ ಇರುವ ಆದಿವಾಸಿಗಳು.

ಘಟನೆ ನಡೆದದ್ದು 1992ರ ಜೂನ್ 20ರಂದು. ಹರೂರು ತಾಲ್ಲೂಕಿನ ಸಿತ್ತೇರಿ ಬೆಟ್ಟದ ತಪ್ಪಲಿನ ಈ ಊರಿಗೆ ಶ್ರೀಗಂಧ ಹುಡುಕುವ ನೆಪದಲ್ಲಿ ಸರ್ಕಾರಿ ಸಿಬ್ಬಂದಿ ನುಗ್ಗಿ ಜನರನ್ನು ಹೊಡೆದರು, ಮನೆಗಳನ್ನು ಧ್ವಂಸ ಮಾಡಿದರು, ಹದಿನೆಂಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಹೆಂಗಸರು, ಮಕ್ಕಳು ಎನ್ನದೆ ಊರವರನ್ನು ಹಿಡಿದು ಸೇಲಂ ಜೈಲಿಗೆ ಹಾಕಲಾಯಿತು. ಜೂನ್ 1992ರಿಂದ ಸೆಪ್ಟೆಂಬರ್ 2011ರವರೆಗೆ ಹತ್ತೊಂಬತ್ತು ವರ್ಷ ಮೂರು ತಿಂಗಳು. ತೀರ್ಪಿನ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಆದರೆ ಓದು ಬರಹ ಕಡಿಮೆ ಇರುವ, ದಿನಗೂಲಿಯ ಮೇಲೆ ಬದುಕುವ ಒಂದು ಊರು ಇಷ್ಟು ಕಾಲ ತನ್ನ ಮಾತಿನ ಮೇಲೆ ನಿಂತದ್ದು ಹೇಗೆ? ಅದರ ಹಿಂದೆ ಒಂದು ಕಸುಬಿದೆ. ನಾಗರಿಕ ಹಕ್ಕುಗಳ ಕೆಲಸಕ್ಕೆ ಸ್ವಯಂಸೇವಕರನ್ನು ಕೂಡಿಸಿ, ಪಳಗಿಸಿ, ಕೊನೆಗೆ ನೊಂದವರ ನಡುವಿನಿಂದಲೇ ಮುಂದಾಳುಗಳನ್ನು ಬೆಳೆಸುವ ಕಸುಬು ಅದು.

ಮೊದಲ ಹೆಜ್ಜೆಗೆ ‘ಸತ್ಯಶೋಧನೆ’ ಎಂದು ಹೆಸರು. ದೌರ್ಜನ್ಯದ ಸುದ್ದಿ ಬಂದ ಕೂಡಲೇ ನಾಲ್ಕೈದು ಮಂದಿಯ ತಂಡ ಸ್ಥಳಕ್ಕೆ ಹೋಗಿ, ಕಂಡದ್ದನ್ನು ಕೇಳಿದ್ದನ್ನು ಬರೆದು ತರುವುದು. ನಮ್ಮ ದೇಶದಲ್ಲಿ ಇದರ ಹಳೆಯ ಪಾಠಶಾಲೆ 1917ರ ಚಂಪಾರಣ. ಅಲ್ಲಿ ನೀಲಿ ಬೆಳೆಯ ರೈತರ ಹೇಳಿಕೆಗಳನ್ನು ಬರೆದುಕೊಳ್ಳಲು ಗಾಂಧೀಜಿ ವಕೀಲರನ್ನೇ ಸ್ವಯಂಸೇವಕರನ್ನಾಗಿ ಕೂರಿಸಿದರು. ಪ್ರತಿ ರೈತನನ್ನೂ ಪಾಟೀಸವಾಲು ಮಾಡಬೇಕು, ಅದರಲ್ಲಿ ನಿಲ್ಲದ ಹೇಳಿಕೆಯನ್ನು ಬಿಡಬೇಕು ಎಂಬುದು ಅವರ ಕಟ್ಟಳೆ. ಗುಪ್ತಚರ ಇಲಾಖೆಯ ಅಧಿಕಾರಿ ಎದುರಿಗೇ ಕೂತಿರುತ್ತಿದ್ದ. ಅವನನ್ನು ಮರ್ಯಾದೆಯಿಂದಲೇ ಕಂಡರು. ನೊಂದವರ ಪರ ನಿಂತವರೇ ನೊಂದವರ ಮಾತನ್ನು ಎಲ್ಲರಿಗಿಂತ ಬಿಗಿಯಾಗಿ ಪರೀಕ್ಷಿಸಬೇಕು ಎಂಬ ಆ ಶಿಸ್ತು ಇವತ್ತಿಗೂ ಈ ಕಸುಬಿನ ಅಡಿಪಾಯ.

ವಾಚಾತ್ತಿಗೆ ಹೀಗೆ ಮೊದಲು ಹೋದವರು ತಮಿಳುನಾಡು ಬುಡಕಟ್ಟು ಜನರ ಸಂಘದವರು. ಜುಲೈ ತಿಂಗಳಲ್ಲಿ ಸಂಘದ ಪಿ. ಷಣ್ಮುಗಂ ಮತ್ತು ಜೊತೆಗಾರರು ಊರಿಗೆ ಹೋದಾಗ ಅದು ಪಾಳು ಬಿದ್ದಿತ್ತು. ಜೈಲಿಗೆ ಹೋಗದೆ ಉಳಿದವರು ಕಾಡು ಸೇರಿದ್ದರು. ಅಖಿಲ ಭಾರತ ಜನವಾದಿ ಮಹಿಳಾ ಸಂಘದ ಮೈಥಿಲಿ ಶಿವರಾಮನ್ ಹೆಣ್ಣುಮಕ್ಕಳ ಬಳಿ ಕೂತು ಅವರ ಮಾತು ಬರೆದುಕೊಂಡರು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗದ ಅಧಿಕಾರಿ ಭಾಮತಿಯವರು ಆಗಸ್ಟ್‌ನಲ್ಲಿ ಬಂದು ವರದಿ ಕೊಟ್ಟರು. ಸಿಪಿಐ(ಎಂ)ನ ರಾಜ್ಯ ಕಾರ್ಯದರ್ಶಿಯಾಗಿದ್ದ ಎ. ನಲ್ಲಶಿವನ್ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು, ಅದು ಮದ್ರಾಸ್ ಹೈಕೋರ್ಟಿಗೆ ಕಳಿಸಿತು. 1995ರಲ್ಲಿ ತನಿಖೆ ಸಿಬಿಐ ಕೈಗೆ ಬಂತು. ಈ ಸರಪಳಿಯ ಮೊದಲ ಕೊಂಡಿ ಕೈಬರಹದ ಹೇಳಿಕೆಗಳು. ಅವು ಸಡಿಲವಾಗಿದ್ದರೆ ಉಳಿದದ್ದೆಲ್ಲ ಕಳಚಿ ಬೀಳುತ್ತಿತ್ತು.

ಹಾಗಾಗಿ ಹೇಳಿಕೆ ಬರೆಯುವುದನ್ನು ಹೊಸ ಕಾರ್ಯಕರ್ತರಿಗೆ ಕಲಿಸುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಕಂಡದ್ದು, ಇನ್ನೊಬ್ಬರಿಂದ ಕೇಳಿದ್ದು, ಊಹಿಸಿದ್ದು ಮೂರನ್ನೂ ಬೇರೆ ಬೇರೆ ಇಡಬೇಕು. ‘ಪೊಲೀಸರು ಬಂದರು’ ಎಂದರೆ ಸಾಲದು: ಎಷ್ಟು ಹೊತ್ತಿಗೆ, ಯಾವ ಕಡೆಯಿಂದ, ಎಷ್ಟು ಗಾಡಿಗಳಲ್ಲಿ, ಮೈಮೇಲೆ ಯಾವ ಉಡುಪು, ಮಾತು ಯಾವ ಭಾಷೆ? ಒಬ್ಬೊಬ್ಬರನ್ನೂ ಬೇರೆಯಾಗಿ ಕೂರಿಸಿ ಕೇಳಬೇಕು. ಗುಂಪಿನಲ್ಲಿ ಕೂತರೆ ಒಬ್ಬರ ನೆನಪು ಇನ್ನೊಬ್ಬರ ನೆನಪಿನೊಳಗೆ ಸೇರಿಕೊಂಡುಬಿಡುತ್ತದೆ. ಹೇಳಿದವರ ಪದಗಳನ್ನೇ ಬರೆಯಬೇಕು. ಬರೆದದ್ದನ್ನು ಅವರಿಗೇ ಓದಿ ಹೇಳಿ, ಅವರು ‘ಹೌದು, ಹೀಗೇ’ ಎಂದ ಮೇಲೆ ಹೆಬ್ಬೆಟ್ಟು ಅಥವಾ ಸಹಿ. ಹಳ್ಳಿಯವರು ಗಡಿಯಾರದ ಹೊತ್ತು ಹೇಳುವುದಿಲ್ಲ, ‘ದನ ಕೊಟ್ಟಿಗೆಗೆ ಬರೋ ಹೊತ್ತು’ ಅನ್ನುತ್ತಾರೆ. ಅತಿ ಉತ್ಸಾಹದ ಹುಡುಗ ಅದನ್ನು ‘ಸಂಜೆ 6.10’ ಎಂದು ಬರೆದರೆ, ಹತ್ತು ವರ್ಷದ ನಂತರ ಕೋರ್ಟಿನಲ್ಲಿ ಎದುರು ವಕೀಲ ಕೇಳುವ ಮೊದಲ ಪ್ರಶ್ನೆ, ‘ನಿಮ್ಮ ಹತ್ತಿರ ಗಡಿಯಾರ ಇತ್ತಾ?’ ಅದಕ್ಕೇ ಪಳಗಿದವರು ದನ ಬರುವ ಹೊತ್ತನ್ನು ಹಾಗೇ ಉಳಿಸುತ್ತಾರೆ.

ಅತ್ಯಾಚಾರದಂಥ ಪ್ರಕರಣದಲ್ಲಿ ಈ ಕೆಲಸ ಇನ್ನಷ್ಟು ನಾಜೂಕು. ಕೇಳುವವರು ಹೆಂಗಸರೇ ಆಗಿರಬೇಕು. ಬಂದ ಪ್ರತಿ ತಂಡಕ್ಕೂ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಬಾರದು. ಒಮ್ಮೆ ಸರಿಯಾಗಿ ಬರೆದುಕೊಂಡರೆ ಉಳಿದವರು ಅದನ್ನು ಓದಬಹುದು. ಹೆಸರು ಬಯಲಾಗಬಾರದು, ಭಾರತೀಯ ದಂಡ ಸಂಹಿತೆಗೆ 1983ರಲ್ಲಿ ಸೇರಿದ 228ಎ ವಿಧಿಯ ಪ್ರಕಾರ ಸಂತ್ರಸ್ತೆಯ ಗುರುತು ಪ್ರಕಟಿಸುವುದೇ ಅಪರಾಧವಾಗಿತ್ತು, ಅದೇ ನಿಯಮ ಈಗಿನ ಕಾನೂನಿನಲ್ಲೂ ಇದೆ. ಹಾಗಾಗಿ ಕಡತಗಳಲ್ಲಿ ಹೆಸರಿನ ಜಾಗಕ್ಕೆ ಸಂಖ್ಯೆ ಬರುತ್ತದೆ, ಸಂಖ್ಯೆಗೂ ಹೆಸರಿಗೂ ಹೊಂದಿಸುವ ಪಟ್ಟಿ ಒಬ್ಬರೇ ನಂಬಿಕಸ್ಥರ ಬಳಿ ಇರುತ್ತದೆ. ಇನ್ನೊಂದು ಕಟ್ಟಳೆ ಕೇಳಲು ಸುಲಭ, ಪಾಲಿಸಲು ಕಷ್ಟ: ಯಾವ ಭರವಸೆಯನ್ನೂ ಕೊಡಬಾರದು. ಎದುರಿಗೆ ಅಳುತ್ತಿರುವ ತಾಯಿಗೆ ‘ಅವರನ್ನೆಲ್ಲ ಜೈಲಿಗೆ ಕಳಿಸ್ತೀವಿ ಅಮ್ಮಾ’ ಎಂದು ಬಾಯಿಗೆ ಬರುವುದು ಸಹಜ. ಆ ಮಾತನ್ನು ನುಂಗಿಕೊಂಡು, ‘ಮುಂದಿನ ವಾರ ಇಂಥ ದಿನ ಮತ್ತೆ ಬರ್ತೀವಿ’ ಎಂದಷ್ಟೇ ಹೇಳಿ, ಆ ದಿನ ತಪ್ಪದೆ ಬರಬೇಕು.

ಈ ನಾಡಿನಲ್ಲಿ ಕನ್ನಡಿಗರಿಗೆ ಹತ್ತಿರದ ಇನ್ನೊಂದು ತೊಡಕೂ ಇದೆ, ಭಾಷೆಯದು. ಆಗಿನ ಧರ್ಮಪುರಿ ಜಿಲ್ಲೆಯಲ್ಲಿ ಹೊಸೂರು, ಡೆಂಕಣಿಕೋಟೆಗಳೂ ಇದ್ದವು. ಅವು ಕೃಷ್ಣಗಿರಿ ಜಿಲ್ಲೆಗೆ ಹೋದದ್ದು 2004ರಲ್ಲಿ. ಪಾಲಾರ್ ಹೊಳೆಯ ಈಚೆ ಚಾಮರಾಜನಗರ ಜಿಲ್ಲೆಯಾದರೆ ಆಚೆ ಸೇಲಂ ಜಿಲ್ಲೆಯ ಕೊಳತ್ತೂರು ಕಡೆ. ಅಲ್ಲಿನ ಕಾಡಂಚಿನ ಊರುಗಳಲ್ಲಿ ಕನ್ನಡ, ತಮಿಳು ಎರಡೂ ಉಂಟು. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಕೊಟ್ಟ ಹಿಂಸೆಯ ದೂರುಗಳು ಈ ಊರುಗಳಿಂದಲೂ ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. (ಒಳಮೀಸಲಾತಿಯ ವರದಿಯಿಂದ ನಮಗೆ ಪರಿಚಿತರಾದ ಸದಾಶಿವ ಅವರೇ ಇವರು.) ಸಮಿತಿಯ ಮುಂದೆ ಬಂದು ಹೇಳಲು ಜನರನ್ನು ಒಪ್ಪಿಸಿದ್ದು, ಕರೆತಂದದ್ದು, ಅರ್ಜಿ ಬರೆದುಕೊಟ್ಟದ್ದು ಸಂಘಟನೆಗಳ ಕಾರ್ಯಕರ್ತರು. ಮಾತು ಕನ್ನಡದಲ್ಲಿ ಹುಟ್ಟಿ, ತಮಿಳು ವಕೀಲರ ಕೈ ದಾಟಿ, ಇಂಗ್ಲಿಷ್ ಕಡತ ಸೇರುವ ದಾರಿಯಲ್ಲಿ ‘ದೊಡ್ಡಪ್ಪನ ಮಗ’ ಬರಿಯ ‘ಅಣ್ಣ’ನಾದರೆ ಇಡೀ ಹೇಳಿಕೆಯೇ ಸುಳ್ಳೆನಿಸಬಹುದು. ಎರಡೂ ಭಾಷೆ ಬಲ್ಲ, ಊರಿನ ಬಂಧುಬಳಗ ಬಲ್ಲ ಕಾರ್ಯಕರ್ತನ ಬೆಲೆ ಅಲ್ಲಿ ಗೊತ್ತಾಗುತ್ತದೆ. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಸ್ವಯಂಸೇವಕರು ಎಲ್ಲಿಂದ ಬರುತ್ತಾರೆ? ವಿದ್ಯಾರ್ಥಿಗಳು, ಮೇಷ್ಟ್ರುಗಳು, ಬ್ಯಾಂಕ್ ನೌಕರರು, ಕಿರಿಯ ವಕೀಲರು, ಕಾರ್ಮಿಕ ಸಂಘದವರು. ಸಂಬಳವಿಲ್ಲ. 1976ರಲ್ಲಿ ಜಯಪ್ರಕಾಶ್ ನಾರಾಯಣ್ ಹುಟ್ಟುಹಾಕಿದ ಪಿಯುಸಿಎಲ್‌ನಂಥ ನಾಗರಿಕ ಹಕ್ಕುಗಳ ಸಂಸ್ಥೆ ಸದಸ್ಯರ ಚಂದಾದಲ್ಲೇ ನಡೆಯುತ್ತದೆ. ತನಿಖೆಗೆ ಹೋದವರು ಬಸ್ ಚಾರ್ಜು ಕೈಯಿಂದ ಹಾಕುವುದು ಮಾಮೂಲು. ಇಂಥವರನ್ನು ನಡೆಸುವ ಸಂಚಾಲಕನ ಜಾಣ್ಮೆ ಇರುವುದು ಯಾರಿಗೆ ಯಾವ ಕೆಲಸ ಎಂದು ಗುರುತಿಸುವುದರಲ್ಲಿ. ಭಾಷಣ ಬರುವವನಿಗೆ ಕಡತ ಜೋಡಿಸಲು ಬಾರದು; ಸಭೆಯಲ್ಲಿ ಬಾಯಿ ಬಿಡದ ಹುಡುಗಿ ಲೆಕ್ಕದ ಪುಸ್ತಕವನ್ನು ಒಂದು ಪೈಸೆ ಆಚೀಚೆಯಾಗದಂತೆ ಇಡುತ್ತಾಳೆ. ಈ ಕೆಲಸಕ್ಕೆ ಅವಳೇ ಹೆಚ್ಚು ಬೇಕಾದವಳು ಎಂದು ನನ್ನ ಎಣಿಕೆ. ಹೊಸಬರಿಗೆ ಮೊದಲು ಒಬ್ಬರ ಜೊತೆ ಹೋಗಿ ಸುಮ್ಮನೆ ಕೂರುವ ಕೆಲಸ, ಆಮೇಲೆ ಬರೆಯುವುದು, ಕೇಳುವುದು ಕೊನೆಗೆ.

ತರಬೇತಿ ಶಿಬಿರಗಳಲ್ಲಿ ಕಾನೂನು ಪಾಠವೂ ಉಂಟು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆನ್ನುವ ಸಂವಿಧಾನದ 22ನೇ ವಿಧಿ, ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 11 ಸೂಚನೆಗಳು ಇವೆರಡನ್ನು ಬಾಯಿಪಾಠ ಮಾಡಿಸುತ್ತಾರೆ. ಬರೀ ಓದಿದರೆ ತಲೆಗೆ ಹತ್ತುವುದಿಲ್ಲ, ಆಡಿಸಬೇಕು. ಒಬ್ಬ ಇನ್‌ಸ್ಪೆಕ್ಟರ್ ಆಗುತ್ತಾನೆ, ಒಬ್ಬಳು ಬಂಧಿತನ ಅಕ್ಕ ಆಗುತ್ತಾಳೆ. ‘ಬಂಧನದ ಮೆಮೊ ಕೊಡಿ ಸಾರ್’ ಎಂದು ದನಿ ನಡುಗದಂತೆ ಕೇಳುವುದನ್ನು ಅಲ್ಲೇ ಅಭ್ಯಾಸ ಮಾಡುತ್ತಾರೆ. 2018ರಲ್ಲಿ ಸೇಲಂ–ಚೆನ್ನೈ ಎಂಟು ಪಥದ ರಸ್ತೆಗೆ ಸರ್ವೆ ಶುರುವಾಗಿ, ಸೇಲಂ, ಧರ್ಮಪುರಿಯ ರೈತರನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳತೊಡಗಿದಾಗ ಇಂಥ ಪಾಠಕ್ಕೆ ಬೆಲೆ ಬಂತು. ಯಾರನ್ನು, ಯಾವ ಠಾಣೆಗೆ, ಎಷ್ಟು ಹೊತ್ತಿಗೆ ಒಯ್ದರು ಎಂಬ ಪಟ್ಟಿ ವಕೀಲರ ಕೈ ಸೇರುವುದು ಎಷ್ಟು ಬೇಗವೋ ಬಿಡುಗಡೆಯೂ ಅಷ್ಟು ಬೇಗ.

ಇವೆಲ್ಲಕ್ಕಿಂತ ಉದ್ದದ ಕೆಲಸ ಕಾಯುವುದು. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರಲ್ಲ. ಹರೂರಿನಿಂದ ಧರ್ಮಪುರಿ ಸುಮಾರು 40 ಕಿಲೋಮೀಟರ್. ಹಾಜರಿಯ ದಿನ ಸಾಕ್ಷಿಗೆ ಅವತ್ತಿನ ಕೂಲಿ ಹೋಯಿತು, ಬಸ್ಸಿನ ದುಡ್ಡು ಹೋಯಿತು, ಮಗುವನ್ನು ನೋಡಿಕೊಳ್ಳುವವರು ಬೇಕಾಯಿತು. ಅಲ್ಲಿ ಹೋದರೆ ವಾಯಿದೆ ಮುಂದೆ ಬಿದ್ದಿರುತ್ತದೆ. ಸಾಕ್ಷಿಯ ಮನಸ್ಸು ಮುರಿಯಲು ಬೆದರಿಕೆಯೇ ಬೇಕಿಲ್ಲ, ಇಷ್ಟು ಸಾಕು. ಹಾಗಾಗಿ ಒಳ್ಳೆಯ ಸಂಘ ವಾಯಿದೆಯ ದಿನಗಳ ಜಾಬಿತೆ ಇಡುತ್ತದೆ, ಯಾರ ಜೊತೆ ಯಾರು ಹೋಗಬೇಕೆಂದು ಹಂಚುತ್ತದೆ, ಕೋರ್ಟಿನ ಜಗಲಿಯಲ್ಲಿ ಅವರ ಪಕ್ಕ ಕೂರಲು ಒಬ್ಬರನ್ನು ಇಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಮಾಡದಂತೆ ಕಾಣುವ ಕೆಲಸ ಇದು. ನಡುವೆ ಸರ್ಕಾರಗಳು ಬದಲಾಗುತ್ತವೆ, ವಕೀಲರು ಬದಲಾಗುತ್ತಾರೆ, ಬಂದಿದ್ದ ವಿದ್ಯಾರ್ಥಿಗಳು ನೌಕರಿ ಹಿಡಿದು ಹೋಗುತ್ತಾರೆ. ವಾಚಾತ್ತಿಯಲ್ಲಿ ಘಟನೆಯ ದಿನ ಹರೆಯದಲ್ಲಿದ್ದ ಹುಡುಗಿಯರು ತೀರ್ಪಿನ ದಿನ ನಡುವಯಸ್ಸು ಮುಟ್ಟಿದ್ದರು.

ಮುಂದಾಳುತನ ಬೆಳೆಯುವುದೂ ಈ ಕಾಯುವ ಕಾಲದಲ್ಲೇ. ಮೊದಲ ವರ್ಷ ಊರಿನ ಪರವಾಗಿ ಹೊರಗಿನವರು ಮಾತಾಡುತ್ತಾರೆ, ಅದು ಅನಿವಾರ್ಯ. ಐದನೆಯ ವರ್ಷವೂ ಅವರೇ ಮಾತಾಡುತ್ತಿದ್ದರೆ ಸಂಚಾಲಕ ಎಲ್ಲೋ ಎಡವಿದ್ದಾನೆ ಎಂದರ್ಥ. ಸಭೆಯ ಅಧ್ಯಕ್ಷತೆ ಊರವರಿಗೆ, ಪತ್ರಕರ್ತರಿಗೆ ಉತ್ತರ ಊರವರಿಂದ, ಚಂದಾ ಎತ್ತುವುದು, ರಸೀದಿ ಹರಿಯುವುದು ಊರವರು. ಒಬ್ಬರೇ ಮೇಲೆ ಬರದಂತೆ ಜವಾಬ್ದಾರಿ ತಿರುಗುತ್ತಿರಬೇಕು, ಯಾಕೆಂದರೆ ಒಬ್ಬ ಮುಂದಾಳುವನ್ನು ಹೆದರಿಸಬಹುದು, ಕೊಳ್ಳಬಹುದು, ಹತ್ತು ಮಂದಿಯನ್ನು ಕಷ್ಟ. ಈ ಭಾಗದಲ್ಲಿ ಜೊತೆಗಾರರನ್ನು ‘ತೋಳರ್’ ಎಂದು ಕರೆಯುವ ರೂಢಿಯಿದೆ. ವಕೀಲನೂ ತೋಳರ್, ಕೂಲಿಯ ಹೆಂಗಸೂ ತೋಳರ್. ಅದೊಂದರಿಂದಲೇ ಸಮಾನತೆ ಬಂದುಬಿಡುವುದಿಲ್ಲ, ಆದರೆ ಮಾತಾಡುವ ಧೈರ್ಯಕ್ಕೆ ಅದು ಸಣ್ಣ ಮೆಟ್ಟಿಲು.

2023ರ ಸೆಪ್ಟೆಂಬರ್ 29ರಂದು, ಹಿಂದಿನ ತೀರ್ಪಿನ ಅದೇ ತಾರೀಖಿಗೆ, ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಶಿಕ್ಷೆಯನ್ನು ಎತ್ತಿಹಿಡಿದರು. ತೀರ್ಪಿಗೆ ಮುನ್ನ ಅವರು ವಾಚಾತ್ತಿಗೆ ತಾವೇ ಹೋಗಿ ಜಾಗ ನೋಡಿ, ಜನರನ್ನು ಕಂಡು ಬಂದಿದ್ದರು. ಹದಿನೆಂಟು ಮಂದಿ ಹೆಣ್ಣುಮಕ್ಕಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ ಅರ್ಧವನ್ನು ಅಪರಾಧಿಗಳಿಂದ ವಸೂಲು ಮಾಡಬೇಕು ಎಂದೂ ಆದೇಶಿಸಿದರು.

ಆದೇಶ ಬಂತೆಂದರೆ ಅದರ ಬೆನ್ನು ಹತ್ತುವ ಹೊಸ ಜಾಬಿತೆ ಶುರು. ಅದರ ಜೊತೆಗೆ ಸಂಘಗಳ ದಿನನಿತ್ಯದ ಕೆಲಸ ನಿಂತಿರುವುದಿಲ್ಲ: ಬುಡಕಟ್ಟಿನ ಪ್ರಮಾಣಪತ್ರ, ಪಡಿತರ ಚೀಟಿ, ಅರಣ್ಯ ಹಕ್ಕು ಕಾಯ್ದೆಯ ಅರ್ಜಿ. 2006ರ ಆ ಕಾಯ್ದೆಯಡಿ ಆದಿವಾಸಿ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಜಮೀನಿನಲ್ಲಿದ್ದೇವೆಂದು ತೋರಿಸಬೇಕು. ನಿಯಮಗಳು ಒಪ್ಪುವ ಪುರಾವೆಗಳಲ್ಲಿ ಊರಿನ ಹಿರಿಯರ ಬರೆದ ಹೇಳಿಕೆಯೂ ಒಂದು. ಅದನ್ನು ಬರೆದುಕೊಳ್ಳುವ ಕ್ರಮ ಹಳೆಯದೇ: ಹಿರಿಯರನ್ನು ಬೇರೆ ಕೂರಿಸಿ, ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ವಿಂಗಡಿಸಿ, ಬರೆದದ್ದನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಒಂದು ಪ್ರತಿ ಅವರ ಮನೆಯಲ್ಲೇ ಬಿಟ್ಟು ಬರುವುದು.