ಒಂದು ಸೆಮಿಸ್ಟರ್ ಸೀಮೆ ದಾಟುವ ಮುನ್ನ

ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಶಹಾಪುರ, ಸುರಪುರದ ಬಸ್ಸಿಗೆ ಓಡುವ ಹುಡುಗ ಹುಡುಗಿಯರ ಹೆಗಲ ಚೀಲದಲ್ಲಿ ಈಗ ಬುತ್ತಿಯ ಡಬ್ಬಿಯೊಂದೇ ಇರುವುದಿಲ್ಲ, ಹೊರದೇಶದ ಕನಸೂ ಇರುತ್ತದೆ. ಇಂಜಿನಿಯರಿಂಗ್ ಹುಡುಗ ಅಮೆರಿಕಾಕ್ಕೆ ಹೋಗುತ್ತೇನೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಸಮಾಜಶಾಸ್ತ್ರ ಓದುವ ಮಗಳು ಅಂಗಡಿಗೆ ಬಂದು ಹೀಗೆಂದಳು ಎಂದಿಟ್ಟುಕೊಳ್ಳಿ:

“ಅಪ್ಪಾ, ಒಂದು ಸೆಮಿಸ್ಟರ್ ಹೊರದೇಶದಾಗ ಓದಿ ಬರ್ತೀನಿ.”

ಗಲ್ಲಾದ ಮುಂದೆ ಕುಳಿತ ಅಪ್ಪ ಎರಡು ಪ್ರಶ್ನೆ ಕೇಳುತ್ತಾನೆ. “ಎಷ್ಟು ಖರ್ಚು ಆಗ್ತದವ್ವಾ?” ಅದು ಒಂದು. “ಸಮಾಜ ಇಲ್ಲೇ ಅದಲ್ಲ, ಅದನ್ನ ನೋಡ್ಲಿಕ್ಕೆ ಅಲ್ಲೀತನ ಯಾಕ ಹೋಗ್ಬೇಕು?” ಇದು ಇನ್ನೊಂದು.

ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಕ್ಕೆ ಮೊದಲು ಉತ್ತರ ಹುಡುಕೋಣ. ಅದು ನಮ್ಮ ಊರಲ್ಲೇ ಇದೆ.

ಟೇಲರ್ ಸಾಹೇಬರು ಕಂಡ ಕಲ್ಲು

ಸುರಪುರದವರಿಗೆ ಟೇಲರ್ ಮಂಜಿಲ್ ಗೊತ್ತು. ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ಕಲ್ಲುಗುಂಡುಗಳಿವೆ. ದನ ಕಾಯುವವರೂ ದಾರಿಹೋಕರೂ ದಿನಾ ನೋಡಿದ ಕಲ್ಲುಗಳವು. ಟೇಲರ್ ಅವನ್ನು ಅಳೆದು ಬರೆದಿಟ್ಟರು. ಯಾಕೆ? ಅಂಥ ಪುರಾತನ ಕಲ್ಲುಗಳು ಅವರ ಸೀಮೆಯಲ್ಲೂ ಇದ್ದವು. ಎರಡಕ್ಕೂ ಅವರು ಹಾಕಿದ ನಂಟನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ, ಆ ಮಾತು ಬೇರೆ. ಆದರೆ ಎರಡು ಸೀಮೆ ಕಂಡವನ ಕಣ್ಣಿಗೆ ಮಾತ್ರ ಹೋಲಿಕೆ ಹೊಳೆಯಿತು. ಇಂದು ಆ ಜಾಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ನಮ್ಮವರೂ ಹಾಗೆ ಹೋಗಿ ಬಂದಿದ್ದಾರೆ. ಮೈಸೂರಿನ ಎಂ. ಎನ್. ಶ್ರೀನಿವಾಸ್ 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಕುಳಿತು ಅವರು ಬರೆದದ್ದು ಲಂಡನ್ನಿನ ಮೇಲಲ್ಲ, ಕೊಡವರ ಮೇಲೆ! ಮರಳಿ ಬಂದು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಜನರ ಬದುಕನ್ನು ಬರೆದುಕೊಂಡರು. ಹೊರಗೆ ಹೋದದ್ದು ಒಳಗನ್ನು ನೋಡುವುದಕ್ಕೇ ಒದಗಿತು.

ಮೊದಲು ಕಾಗದ, ಆಮೇಲೆ ಕಾಸು

ಇನ್ನು ಅಪ್ಪನ ಮೊದಲ ಪ್ರಶ್ನೆ. ಖರ್ಚಿಗಿಂತ ಮುಂಚೆ ಕೇಳಬೇಕಾದದ್ದು ಒಂದಿದೆ: ಅಲ್ಲಿ ಓದಿದ್ದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಒಂದು ಸೆಮಿಸ್ಟರ್ ಎಂದರೆ ಪೂರ್ತಿ ಪದವಿಯಲ್ಲ. ಪದವಿ ಕೊಡುವುದು ನಮ್ಮ ವಿಶ್ವವಿದ್ಯಾಲಯವೇ. ಹೊರದೇಶದ ವಿಶ್ವವಿದ್ಯಾಲಯದ ಜೊತೆ ಒಪ್ಪಂದವಿದ್ದರೆ ಅಲ್ಲಿನ ಕ್ರೆಡಿಟ್ ಇಲ್ಲಿನ ಮಾರ್ಕ್ಸ್ ಕಾರ್ಡಿಗೆ ಬರುತ್ತದೆ. ಯುಜಿಸಿ 2022ರಲ್ಲಿ ಇದಕ್ಕೆ ನಿಯಮ ಮಾಡಿತು. ‘ಟ್ವಿನಿಂಗ್’ ಎಂಬ ಏರ್ಪಾಟಿನಲ್ಲಿ ಹೊರಗೆ ಗಳಿಸುವ ಕ್ರೆಡಿಟ್ ಶೇಕಡಾ 30ನ್ನು ಮೀರುವಂತಿಲ್ಲ. ಯೂರೋಪಿನ ಇರಾಸ್ಮಸ್ ಯೋಜನೆಯಲ್ಲೂ ಸೆಮಿಸ್ಟರಿನ ಅವಕಾಶ ಉಂಟು, ಶುಲ್ಕವಿಲ್ಲ, ಭತ್ಯೆಯೂ ಸಿಗುತ್ತದೆ. ಆದರೆ ಅದಕ್ಕೂ ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಇರಲೇಬೇಕು. ವಿದ್ಯಾರ್ಥಿ ತಾನೇ ನೇರವಾಗಿ ಅರ್ಜಿ ಗುಜರಾಯಿಸಿದರೆ ನಡೆಯುವುದಿಲ್ಲ.

ಒಪ್ಪಂದವಿಲ್ಲದೆ ಹೋದರೆ? ಅಲ್ಲಿ ಆರು ತಿಂಗಳು ಓದಿ ಬಂದವಳಿಗೆ ಇಲ್ಲಿ ಹಾಜರಿ ಕಡಿಮೆ ಬೀಳುತ್ತದೆ, ಪರೀಕ್ಷೆ ತಪ್ಪುತ್ತದೆ. ದುಡ್ಡೂ ಹೋಯಿತು, ವರ್ಷವೂ ಹೋಯಿತು. ಆದ್ದರಿಂದ ಮಾರ್ಕ್ಸ್ ಕಾರ್ಡ್ ಕೊಡುವುದು ಕಲಬುರಗಿಯಾಗಲಿ ರಾಯಚೂರಾಗಲಿ, ಆ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಗೆ ಒಂದು ವರ್ಷ ಮುಂಚೆಯೇ ಹೋಗಿ ಕೇಳಿ. ಉತ್ತರವನ್ನು ಬಾಯಿಮಾತಲ್ಲಿ ಅಲ್ಲ, ಕಾಗದದಲ್ಲಿ ತೆಗೆದುಕೊಳ್ಳಿ.

ಸ್ಕಾಲರ್‌ಶಿಪ್ಪಿನ ಗಂಟು

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ ಬೇರೆ ಯೋಜನೆ ಇದೆ. ಎರಡೂ ಒಳ್ಳೆಯವೇ. ಆದರೆ ಅವು ಪದವಿಯ ನಂತರದ ಪೂರ್ತಿ ಓದಿಗೆ, ಒಂದು ಸೆಮಿಸ್ಟರಿಗಲ್ಲ. ಇದನ್ನು ತಿಳಿಯದೆ ‘ಸ್ಕಾಲರ್‌ಶಿಪ್ ಬರ್ತದ’ ಎಂದು ಸಾಲ ಎತ್ತಿದರೆ ಮನೆ ಮುಳುಗೀತು.

ಸಮಾಜಶಾಸ್ತ್ರದವರಿಗೆ ಇನ್ನೊಂದು ಗಂಟೂ ಇದೆ. ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 2022ರಲ್ಲಿ ಹೊಸ ಷರತ್ತು ಬಂತು: ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ವಿಷಯಗಳಿಗೆ ಹಣವಿಲ್ಲ. ಅಂದರೆ ಶ್ರೀನಿವಾಸ್ ಮಾಡಿದಂಥ ಕೆಲಸಕ್ಕೆ ಈ ಬಾಗಿಲು ಮುಚ್ಚಿತು! ಮುಂದೆ ಎಂ.ಎ., ಪಿಎಚ್.ಡಿ.ಗೆ ಹೊರಡುವವರು ಆಯಾ ವರ್ಷದ ನಿಯಮವನ್ನು ಸಾಲು ಸಾಲಾಗಿ ಓದಬೇಕು.

371(ಜೆ) ಸರ್ಟಿಫಿಕೇಟಿನ ಬಗ್ಗೆಯೂ ಒಂದು ಮಾತು. ಆ ಚೀಟಿ ಬೆಂಗಳೂರಿನ ಸೀಟಿಗೆ ಬಂದೀತು, ಬರ್ಲಿನ್ನಿಗೆ ಬಾರದು.

ಖರ್ಚಿನ ಅಂದಾಜು ಬೇಕೇ? ಜರ್ಮನಿಯನ್ನೇ ಹಿಡಿಯಿರಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ. ಆದರೆ ವೀಸಾ ಬೇಕಾದರೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ಮುಂಗಡ ತೋರಿಸಬೇಕು ಎಂದು 2024ರಲ್ಲಿ ನಿಗದಿಯಾಯಿತು. ಆರು ತಿಂಗಳಿಗೆ 5,952 ಯೂರೋ. ಯೂರೋಗೆ 95 ರೂಪಾಯಿ ಹಿಡಿದರೂ ಐದೂವರೆ ಲಕ್ಷ ದಾಟುತ್ತದೆ. ವಿಮಾನದ ಟಿಕೆಟ್ ಬೇರೆ. ಸಮಾಧಾನದ ಸಂಗತಿಯೆಂದರೆ ಆ ಹಣ ಹುಡುಗಿಯ ಊಟ-ಬಾಡಿಗೆಗೇ ತಿಂಗಳು ತಿಂಗಳು ಸಿಗುತ್ತದೆ.

ಪಾಸ್‌ಪೋರ್ಟಿಗೆ ಓಡುವ ಮುನ್ನ ಎಸ್ಸೆಸ್ಸೆಲ್ಸಿ ಕಾರ್ಡು ಮತ್ತು ಆಧಾರ್ ಪಕ್ಕ ಪಕ್ಕ ಇಟ್ಟು ನೋಡಿ. ಒಂದರಲ್ಲಿ ಅಪ್ಪನ ಹೆಸರು ಮುಂದೆ, ಇನ್ನೊಂದರಲ್ಲಿ ಮನೆತನದ ಹೆಸರು ಹಿಂದೆ, ಹೀಗಿದ್ದರೆ ತಿದ್ದುಪಡಿಗೇ ತಿಂಗಳುಗಳು ಹಿಡಿಯುತ್ತವೆ.

ಏನು ನೋಡಬೇಕು?

ಇಷ್ಟೆಲ್ಲ ಮಾಡಿ ಹೋಗಿ ನೋಡುವುದೇನು? ಬಿತ್ತನೆ ಕೈಕೊಟ್ಟ ವರ್ಷ ಯಾದಗಿರಿ ಸ್ಟೇಷನ್ನಿನಲ್ಲಿ ಗಂಟುಮೂಟೆ, ಮಕ್ಕಳ ಸಮೇತ ಗುಳೆ ಹೊರಟವರನ್ನು ನಾವೆಲ್ಲ ಕಂಡಿದ್ದೇವೆ. ಜರ್ಮನಿಯೂ 1961ರಲ್ಲಿ ಟರ್ಕಿ ದೇಶದ ಜೊತೆ ಕರಾರು ಮಾಡಿಕೊಂಡು ಕೂಲಿಗೆ ಜನ ಕರೆಸಿತು. ‘ಅತಿಥಿ ಕಾರ್ಮಿಕರು’ ಎಂದು ಬಂದವರಲ್ಲಿ ಎಷ್ಟೋ ಮಂದಿ ಅಲ್ಲೇ ನೆಲೆ ನಿಂತರು. ಅವರ ಮಕ್ಕಳ ಶಾಲೆ ಏನಾಯಿತು, ಭಾಷೆ ಏನಾಯಿತು? ನಮ್ಮ ಗುಳೆ ಮಕ್ಕಳ ಶಾಲೆ ಏನಾಗುತ್ತಿದೆ? ಇಲ್ಲಿನದನ್ನು ಕಂಡವಳೇ ಅಲ್ಲಿ ಸರಿಯಾದ ಪ್ರಶ್ನೆ ಕೇಳಬಲ್ಲಳು.

ಹಾಗಾಗಿ ಅಪ್ಪಂದಿರೇ, ಮಗಳು ಕೇಳಿದರೆ ಒಮ್ಮೆಗೇ ‘ಬ್ಯಾಡ’ ಎನ್ನಬೇಡಿ, ಒಮ್ಮೆಗೇ ‘ಹೂಂ’ ಎಂದೂ ಅನ್ನಬೇಡಿ. “ಒಪ್ಪಂದದ ಕಾಗದ ತಗೊಂಡು ಬಾ, ಆಮ್ಯಾಲ ಮಾತಾಡೋಣ” ಎನ್ನಿ. ಹೋಗುವುದು ಮುಂದಿನ ವರ್ಷವಾದರೆ, ಕೇಳಬೇಕಾದದ್ದು ಈ ವಾರ.