ಮೆದುಳಿನ ಊತಕ್ಕೆ ಮದ್ದು

ತಲೆಗೆ ಪೆಟ್ಟು ಬಿದ್ದ ಕ್ಷಣದಲ್ಲೇ ಹರಿದುಹೋದ ನರತಂತುಗಳನ್ನು ಮತ್ತೆ ಕೂಡಿಸುವ ಔಷಧ ಇವತ್ತಿಗೂ ಇಲ್ಲ. ಐಸಿಯುನಲ್ಲಿ ಔಷಧಗಳು ಹೋರಾಡುವುದು ಆಮೇಲೆ ಬರುವ ಊತದ ಜತೆ. ಅದು ಕೆಲವೇ ಗಂಟೆಗಳಲ್ಲಿ ಶುರುವಾಗಿ ಮೂರ್ನಾಲ್ಕು ದಿನ ಏರುತ್ತ ಹೋಗಬಹುದು. ಮೊದಲ ದಿನ ಮಾತಾಡುತ್ತಿದ್ದ ಗಾಯಾಳು ಮರುದಿನ ಮಂಪರಿಗೆ ಜಾರಲು ಇದೂ ಒಂದು ಕಾರಣ.

ಕಾಲು ಊದಿದರೆ ಚರ್ಮ ಹಿಗ್ಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಮೆದುಳಿಗೂ ರಕ್ತಕ್ಕೂ ಇರುವ ಜಾಗ ಇಷ್ಟೇ ಎಂಬುದನ್ನು ಎಡಿನ್‌ಬರೋದ ವೈದ್ಯ ಅಲೆಕ್ಸಾಂಡರ್ ಮನ್ರೋ 1783ರಲ್ಲೇ ಬರೆದಿದ್ದರು. ಮೆದುಳು ಊದಿಕೊಂಡರೆ ಮೊದಲು ಅದರ ಸುತ್ತಲಿನ ದ್ರವ ಪಕ್ಕಕ್ಕೆ ಸರಿದು ಜಾಗ ಬಿಡುತ್ತದೆ, ಆಮೇಲೆ ರಕ್ತ. ಅದೂ ಮುಗಿದ ಮೇಲೆ ಒತ್ತಡ ಸರ್ರನೆ ಏರುತ್ತದೆ. ಆರೋಗ್ಯವಂತ ವಯಸ್ಕರ ಬುರುಡೆಯೊಳಗಿನ ಒತ್ತಡ ಸುಮಾರು 15 ಮಿಲಿಮೀಟರ್ ಪಾದರಸದೊಳಗೆ ಇರುತ್ತದೆ. 22 ದಾಟಿದರೆ ಚಿಕಿತ್ಸೆ ಬೇಕೆನ್ನುತ್ತದೆ ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಶನ್ 2016ರಲ್ಲಿ ಹೊರತಂದ ಮಾರ್ಗಸೂಚಿ.

ಒತ್ತಡ ಇಳಿಸಲು ದಾರಿ ತೋರಿಸಿದ್ದು ಉಪ್ಪು. ಹೋಳು ಮಾಡಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟುಕೊಂಡಿರುತ್ತದಲ್ಲ, ಅದೇ ತತ್ತ್ವ. 1919ರಲ್ಲಿ ಅಮೆರಿಕದ ಲೂಯಿಸ್ ವೀಡ್ ಮತ್ತು ಪಾಲ್ ಮೆಕಿಬನ್ ಬೆಕ್ಕುಗಳ ರಕ್ತನಾಳಕ್ಕೆ ಗಾಢವಾದ ಉಪ್ಪುನೀರು ಏರಿಸಿ, ಅವುಗಳ ಮೆದುಳು ಕುಗ್ಗುವುದನ್ನು ಕಣ್ಣಾರೆ ಕಂಡರು. ರಕ್ತ ಗಾಢವಾದರೆ ಅದು ಮೆದುಳಿನಿಂದ ನೀರನ್ನು ಸೆಳೆದುಕೊಳ್ಳುತ್ತದೆ.

ನಮ್ಮ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಮ್ಯಾನಿಟಾಲ್, ಸಕ್ಕರೆಯ ಜಾತಿಗೆ ಸೇರಿದ ಒಂದು ವಸ್ತು. ಶೇ. 20ರ ದ್ರಾವಣ, ಅಂದರೆ 100 ಮಿಲಿಲೀಟರಿನಲ್ಲಿ 20 ಗ್ರಾಂ. ಇಷ್ಟು ಗಾಢವಾದ್ದರಿಂದ ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಹರಳುಗಟ್ಟುತ್ತದೆ. ಆಗ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು, ಹರಳು ಪೂರ್ತಿ ಕರಗಿ ದ್ರಾವಣ ತಿಳಿಯಾದ ಮೇಲೆ, ಆರಿಸಿಯೇ ಡ್ರಿಪ್ ಹಾಕಬೇಕು. ದೇಹತೂಕದ ಪ್ರತಿ ಕಿಲೋಗೆ ಕಾಲು ಗ್ರಾಮಿನಿಂದ ಒಂದು ಗ್ರಾಂವರೆಗೆ ಕೊಡುವುದು ರೂಢಿ. ಒಂದು ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಸ್ಪಂದಿಸದೆ ನಿಂತಿತೆಂದರೆ ಮೆದುಳು ಕೆಳಕ್ಕೆ ಜರುಗುತ್ತಿದೆ ಎಂದರ್ಥ. ಆಗ ಆಪರೇಷನ್ ಥಿಯೇಟರ್ ಸಿದ್ಧವಾಗುವವರೆಗೆ ಜೀವ ಹಿಡಿದಿಡುವುದು ಈ ಬಾಟಲಿಯೇ.

ಸೆಳೆದ ನೀರೆಲ್ಲ ಮೂತ್ರವಾಗಿ ಹೋಗುತ್ತದೆ. ಮಂಚದ ಪಕ್ಕದ ಮೂತ್ರದ ಚೀಲ ನೋಡನೋಡುತ್ತಲೇ ತುಂಬುವುದನ್ನು ಕಂಡು ಮನೆಯವರು ಗಾಬರಿಯಾಗುವುದುಂಟು. ಔಷಧ ಕೆಲಸ ಮಾಡುವ ಬಗೆಯೇ ಅದು. ಅಪಾಯವಿರುವುದು ಹಾಗೆ ನೀರು ಹೋಗಿ ರಕ್ತದೊತ್ತಡ ಕುಸಿದಾಗ. ಪೆಟ್ಟಾದ ಮೆದುಳಿಗೆ ರಕ್ತ ಸಾಲದೆ ಹೋದರೆ ಊತ ಇಳಿದೂ ಉಪಯೋಗವಿಲ್ಲ. ಮೂತ್ರಪಿಂಡಕ್ಕೂ ಹೊರೆ. ಪದೇ ಪದೇ ಕೊಟ್ಟರೆ ಗಾಯವಾದ ಜಾಗದಲ್ಲಿ ಮ್ಯಾನಿಟಾಲೇ ಮೆದುಳಿನೊಳಗೆ ಸೋರಿ, ಅಲ್ಲಿಗೇ ನೀರು ಎಳೆಯಬಹುದು. ರಕ್ತದೊತ್ತಡ ತಗ್ಗಿರುವವರಿಗೆ ವೈದ್ಯರು ಶೇ. 3ರ ಅಥವಾ ಇನ್ನೂ ಗಾಢವಾದ ಉಪ್ಪುನೀರಿನತ್ತ ವಾಲುತ್ತಾರೆ. ಅದರಲ್ಲಿ ಕಾಯಬೇಕಾದದ್ದು ರಕ್ತದ ಸೋಡಿಯಂ ಮಟ್ಟವನ್ನು.

ಇನ್ನು ಸ್ಟೀರಾಯ್ಡ್. ಈ ಅಧ್ಯಾಯದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ. ಮೆದುಳಿನ ಗಡ್ಡೆಯ ಸುತ್ತಲಿನ ಊತವನ್ನು ಸ್ಟೀರಾಯ್ಡ್ ಚೆನ್ನಾಗಿ ಇಳಿಸುತ್ತದೆ ಎಂಬುದು 1960ರ ದಶಕದಿಂದಲೇ ಗೊತ್ತಿತ್ತು. ಗಡ್ಡೆಗೆ ಆಗುವುದು ಪೆಟ್ಟಿಗೂ ಆಗಬೇಕು ಎಂಬ ತರ್ಕದಿಂದ ದಶಕಗಳ ಕಾಲ ತಲೆಪೆಟ್ಟಿಗೂ ಕೊಡುತ್ತ ಬಂದರು. ಸಣ್ಣಪುಟ್ಟ ಪರೀಕ್ಷೆಗಳಿಂದ ಏನೂ ಇತ್ಯರ್ಥವಾಗಲಿಲ್ಲ. 1999ರಲ್ಲಿ ‘ಕ್ರ್ಯಾಶ್’ ಎಂಬ ಹೆಸರಿನ ಅಂತರರಾಷ್ಟ್ರೀಯ ಪರೀಕ್ಷೆ ಶುರುವಾಯಿತು. 20,000 ಗಾಯಾಳುಗಳನ್ನು ಸೇರಿಸುವ ಉದ್ದೇಶವಿತ್ತು. 10,008 ಜನ ಸೇರುವಷ್ಟರಲ್ಲಿ, 2004ರಲ್ಲಿ, ಅದನ್ನು ನಿಲ್ಲಿಸಬೇಕಾಯಿತು. ಎರಡು ವಾರಗಳಲ್ಲಿ ಸತ್ತವರು ಸ್ಟೀರಾಯ್ಡ್ ಪಡೆದ ಗುಂಪಿನಲ್ಲಿ ಶೇ. 21.1, ಪಡೆಯದ ಗುಂಪಿನಲ್ಲಿ ಶೇ. 17.9. ನೂರು ಜನರಲ್ಲಿ ಮೂವರು ಹೆಚ್ಚು. ಪರೀಕ್ಷೆಯೇ ನಡೆಯದಿದ್ದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ಮದ್ದು ಇಂದಿಗೂ ಜೀವ ತೆಗೆಯುತ್ತಿತ್ತು. ಹತ್ತು ಸಾವಿರ ಕುಟುಂಬಗಳ ಋಣ ಈ ತಿಳಿವಿನ ಮೇಲಿದೆ.

ಪ್ರೊಜೆಸ್ಟರಾನ್ ಹಾರ್ಮೋನಿನ ಮೇಲೂ ದೊಡ್ಡ ಭರವಸೆಯಿತ್ತು. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಬೇರೆ ಯಾವುದಕ್ಕೂ ಒತ್ತಡ ಬಗ್ಗದಿದ್ದಾಗ ಬಾರ್ಬಿಚುರೇಟ್ ಕೊಟ್ಟು ಗಾಢ ನಿದ್ರೆಗೆ ಇಳಿಸುವುದುಂಟು. ಆಗ ರೋಗಿ ವೆಂಟಿಲೇಟರ್ ಮೇಲಿರಲೇಬೇಕು, ರಕ್ತದೊತ್ತಡವನ್ನೂ ಬಿಡದೆ ಕಾಯಬೇಕು.

ಇವೆಲ್ಲ ಆಸ್ಪತ್ರೆಯೊಳಗಿನ ಮದ್ದುಗಳು. ಹೊರಗೆ ಇವಕ್ಕೆ ಬದಲಿ ಇಲ್ಲ. ತಲೆಗೆ ಪೆಟ್ಟು ಬಿದ್ದವರು ಮತ್ತೆ ಮತ್ತೆ ವಾಂತಿ ಮಾಡಿದರೆ, ಮಂಪರಾದರೆ, ತಲೆನೋವು ಹೆಚ್ಚುತ್ತ ಹೋದರೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಊತ ಇಳಿಯಲೆಂದು ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಒತ್ತಾಯಿಸಬೇಡಿ. ಪೆಟ್ಟು ಬಿದ್ದ ಹೊತ್ತು, ಮೂತ್ರಪಿಂಡದ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಬೇರೆ ಕಾಯಿಲೆಗೆ ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್ ಇದ್ದರೆ ಅದು, ಇಷ್ಟನ್ನೂ ವೈದ್ಯರು ಕೇಳುವ ಮೊದಲೇ ಹೇಳಿ.