ಅಪ್ಪಯ್ಯನ ಕಾರಿನ ಕಣ್ಣಿಗೆ ಪೊರೆ ಬಂದಾಗ

ನಮ್ಮ ಅಪ್ಪಯ್ಯ ಅಡುಗೆ ಕೆಲಸದವರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲೇ ಮದುವೆ, ಗೃಹಪ್ರವೇಶ ಇರಲಿ, ನಸುಕಿನ ಮೂರು ಗಂಟೆಗೆ ಮನೆ ಬಿಡಬೇಕು. ಅವರ ಸಂಗಾತಿ 2006ರ ಬಿಳಿ ಮಾರುತಿ 800. ಹಿಂದಿನ ಸೀಟಿನಲ್ಲಿ ಕೌಳಿಗೆ, ಸಟ್ಟುಗ. ಮುಂದೆ ಎರಡು ದೀಪ. ದೀಪ ಅಂದರೆ ನಿಜಕ್ಕೂ ದೀಪವೇ, ದೇವರ ಕೋಣೆಯಲ್ಲಿ ಹಚ್ಚುವಂಥದ್ದು! ಮಳೆಗಾಲದಲ್ಲಿ ಹೆಮ್ಮಾಡಿಯಿಂದ ಕೊಲ್ಲೂರು ರಸ್ತೆಗೆ ತಿರುಗಿದರೆ ಡಾಂಬರು ಯಾವುದು, ಚರಂಡಿ ಯಾವುದು ಗೊತ್ತಾಗುತ್ತಿರಲಿಲ್ಲ. ಕೇಳಿದರೆ, “ದಾರಿ ಬಾಯಿಪಾಠ ಇತ್ತ್, ಕಾಂಬುದ್ ಎಂತಕೆ?” ಎಂದು ನಗುತ್ತಿದ್ದರು.

ಕಳೆದ ಜೂನ್‌ನಲ್ಲಿ ಆ ನಗು ನಿಂತಿತು. ನಾವುಂದದ ಹತ್ತಿರ ಹೆದ್ದಾರಿಯಲ್ಲಿ ಮಲಗಿದ್ದ ಕಪ್ಪು ದನ ಅಪ್ಪಯ್ಯನಿಗೆ ಕಂಡಿದ್ದು ನಾಲ್ಕು ಮಾರು ದೂರದಲ್ಲಿ. ಬ್ರೇಕ್ ಹಿಡಿಯಿತು, ದನ ಎದ್ದು ಹೋಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಎದೆ ಮಾತ್ರ ಮನೆ ಮುಟ್ಟುವವರೆಗೂ ಹೊಡೆದುಕೊಳ್ಳುತ್ತಿತ್ತು.

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುವ ಮಗ ಮನೆಯಲ್ಲಿದ್ದೂ ಹೀಗಾ? ಅವತ್ತೇ ಆನ್‌ಲೈನ್‌ನಲ್ಲಿ 1,600 ರೂಪಾಯಿಯ ಎಲ್‌ಇಡಿ ಬಲ್ಬ್ ಜೋಡಿ ತರಿಸಿದೆ. ಹಳೆಯ ಬಲ್ಬ್ ಕಿತ್ತು ಹೊಸದು ಸಿಕ್ಕಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ರಾತ್ರಿ ಸ್ವಿಚ್ ಒತ್ತಿದರೆ ಹಾಲು ಚೆಲ್ಲಿದಂಥ ಬೆಳಕು! ತೆಂಗಿನ ಮರದ ತುದಿಯ ಕಾಯಿಯನ್ನೂ ಎಣಿಸಬಹುದಿತ್ತು. ರಸ್ತೆಗೆ ಬೀಳಬೇಕಾದ ಬೆಳಕು ಮರದ ತುದಿಗೆ ಯಾಕೆ ಹೋಗುತ್ತಿದೆ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಮೂರನೇ ರಾತ್ರಿ ಉತ್ತರ ಸಿಕ್ಕಿತು. ಅದೇ ಕೊಲ್ಲೂರು ರಸ್ತೆ, ಸಣ್ಣ ಮಳೆ, ನಾನೇ ಚಾಲಕ. ಎದುರಿಂದ ಬಂದ ಸ್ಕೂಟರ್ ಒಮ್ಮೆ ತೂರಾಡಿ, ರಸ್ತೆ ಬಿಟ್ಟು ಕೆಸರಿಗೆ ಇಳಿದು ಬಿತ್ತು. ಓಡಿ ಹೋಗಿ ಎತ್ತಿದೆ. ಸವಾರರ ಮೊಣಕೈ ತರಚಿತ್ತು. ಅವರು ಬೈಯಲಿಲ್ಲ, ಕೇಳಿದ್ದು ಒಂದೇ ಮಾತು: “ನಿಂಗ್ ಕಾಂಬುಕ್ ಲೈಟ್ ಹಾಕ್ಸಿದ್ಯಾ, ನಂಗ್ ಕಾಣ್ದಂಗ್ ಮಾಡುಕ್ ಹಾಕ್ಸಿದ್ಯಾ ಮಾರಾಯಾ?” ನಾನು ಡಿಮ್‌ನಲ್ಲೇ ಇದ್ದೆ ಎಂದು ಹೇಳಬೇಕೆನಿಸಿತು. ನಾಲಗೆ ಏಳಲಿಲ್ಲ.

ಮರುದಿನ ಬ್ರಹ್ಮಾವರದ ಕಡೆ ಪರಿಚಯದ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದೆ. ಅವರು ನನ್ನ ಹಳೆಯ ಬಲ್ಬನ್ನೇ ಕೈಗಿತ್ತು “ಸರಿಯಾಗಿ ನೋಡು” ಎಂದರು. ಅದು ಎಚ್4 ಹ್ಯಾಲೊಜೆನ್ ಬಲ್ಬ್. ಒಳಗೆ ಎರಡು ತಂತಿ: ಹೈಬೀಮ್‌ಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. ಡಿಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲು. ರಿಫ್ಲೆಕ್ಟರ್‌ನ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮಬೇಕಿದ್ದ ಬೆಳಕನ್ನು ಆ ಬಟ್ಟಲು ತಡೆಯುತ್ತದೆ. ಅದಕ್ಕೇ ಎದುರಿನವರ ಕಣ್ಣು ಉಳಿಯುವುದು. ರಿಫ್ಲೆಕ್ಟರ್‌ನ ಬಾಗು ಕೂಡ ಆ ತಂತಿ ಇರುವ ಜಾಗಕ್ಕೇ ಲೆಕ್ಕ ಹಾಕಿ ಮಾಡಿದ್ದು. ಅಲ್ಲಿ ಎಲ್‌ಇಡಿ ಇಟ್ಟು ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಸರಿದರೂ ಸಾಕು, ಬೆಳಕು ಚೆಲ್ಲಾಪಿಲ್ಲಿ. ಹೊಸ ಕಾರುಗಳ ಎಲ್‌ಇಡಿ ದೀಪ ಹೀಗಾಗದಿರಲು ಕಾರಣ, ಅಲ್ಲಿ ಇಡೀ ದೀಪವೇ ಎಲ್‌ಇಡಿಗಾಗಿ ವಿನ್ಯಾಸಗೊಂಡಿರುತ್ತದೆ.

“ಹಾಗಾದರೆ 100 ವ್ಯಾಟ್‌ನ ಹ್ಯಾಲೊಜೆನ್ ಹಾಕೋಣವೇ?” ಎಂದೆ. “ಸಾಕೆಟ್ ಕರಗಿಸಬೇಕಿದ್ದರೆ ಹಾಕು. ವೋಲ್ಟ್ ಅಳೆದು ನೋಡಿದ್ಯಾ?” ಎಂದರು. ಮೂರು ವರ್ಷದಿಂದ ಓಮ್‌ನ ನಿಯಮ ಬರೆದು ಅಂಕ ಪಡೆದವನು ನಾನು. ಮಲ್ಟಿಮೀಟರ್ ಹಿಡಿಯಬೇಕೆಂದು ಹೊಳೆದಿರಲಿಲ್ಲ!

ಎಂಜಿನ್ ಚಾಲೂ ಇಟ್ಟು ಅಳೆದೆವು. ಬ್ಯಾಟರಿಯಲ್ಲಿ 13.6 ವೋಲ್ಟ್, ಬಲ್ಬಿನ ಸಾಕೆಟ್‌ನಲ್ಲಿ 11.5. ಉಳಿದದ್ದು ಹಳೆಯ ಸ್ವಿಚ್, ತೆಳು ವೈರು, ಉಪ್ಪುಗಾಳಿಗೆ ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟಿನಲ್ಲಿ ಸೋರಿಹೋಗುತ್ತಿತ್ತು. ಹ್ಯಾಲೊಜೆನ್‌ನ ಸ್ವಭಾವ ಹೇಗೆಂದರೆ, ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ನಮ್ಮ ಕಾರಿನಲ್ಲಿ ಕಳೆದುಹೋಗಿದ್ದದ್ದು ಶೇ 40ಕ್ಕೂ ಹೆಚ್ಚು. ತಪ್ಪು ಬಲ್ಬಿನದ್ದಾಗಿರಲಿಲ್ಲ.

ಒಂದು ಭಾನುವಾರ ಇಬ್ಬರೂ ಸೇರಿ ಕೆಲಸ ಮಾಡಿದೆವು. ಡಿಮ್‌ಗೊಂದು, ಹೈಬೀಮ್‌ಗೊಂದು ರಿಲೇ, ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಹಳೆಯ ಸ್ವಿಚ್ಚಿಗೆ ಈಗ ರಿಲೇಗೆ ಸನ್ನೆ ಮಾಡುವಷ್ಟೇ ಕೆಲಸ. ಅರ್ಥಿಂಗ್ ಬೋಲ್ಟನ್ನು ಉಜ್ಜಿ ಹೊಳೆಯಿಸಿದೆವು. ಬೆಳ್ಳಿಬಣ್ಣ ಮಾಸಿದ್ದ ರಿಫ್ಲೆಕ್ಟರ್‌ಗಳಿಗೆ ಬದಲಾಗಿ ಹೊಸ ಹೆಡ್‌ಲ್ಯಾಂಪ್ ಜೋಡಿ, ಅದಕ್ಕೆ ಅದೇ 60/55 ವ್ಯಾಟ್ ಬಲ್ಬ್. ಒಟ್ಟು ಖರ್ಚು 2,500 ರೂಪಾಯಿ. ಈಗ ಸಾಕೆಟ್‌ನಲ್ಲಿ 13.2 ವೋಲ್ಟ್.

ಕೊನೆಯ ಕೆಲಸಕ್ಕೆ ದುಡ್ಡೇ ಬೇಕಿರಲಿಲ್ಲ. ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ತಿರುಪು ತಿರುಗಿಸಿದೆವು. ಅದಕ್ಕೂ ಮೊದಲು ಹಿರಿಯರು ಹಿಂದಿನ ಸೀಟಿಗೆ ಪಾತ್ರೆ ತುಂಬಿಸಿದರು. ಹಿಂದೆ ಭಾರ ಬಿದ್ದರೆ ಕಾರಿನ ಮೂತಿ ಏಳುತ್ತದೆ, ಬೆಳಕೂ ಏಳುತ್ತದೆ ಎಂಬುದು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ನಮ್ಮ ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದ್ದರು. ಆ ಸುದ್ದಿ ಓದಿಯೂ ಅದು ಬೇರೆಯವರಿಗೆ ಹೇಳಿದ್ದು ಎಂದುಕೊಂಡಿದ್ದೆ. ನಿಮ್ಮ ಮನೆಯಲ್ಲೂ ಹಳೆಯ ಕಾರಿದ್ದರೆ, ಬಲ್ಬ್ ಆರ್ಡರ್ ಮಾಡುವ ಮೊದಲು ಒಮ್ಮೆ ಮೀಟರ್ ಹಿಡಿದು ನೋಡಿ. ಕೆಟ್ಟದ್ದು ಯಾವುದೆಂದು ತಿಳಿಯದೆ ಬದಲಿಸುವುದು ರಿಪೇರಿಯಲ್ಲ.

ಮೊನ್ನೆ ಮೂರು ಗಂಟೆಗೆ ಅಪ್ಪಯ್ಯನ ಜೊತೆ ಹೊರಟೆ. ಹೆಮ್ಮಾಡಿ ದಾಟುತ್ತಲೇ ಅವರು ಕಾರು ನಿಧಾನ ಮಾಡಿ, “ಇಷ್ಟ್ ದಿನ ಇಲ್ಲಿ ಇಷ್ಟೆಲ್ಲ ಹೊಂಡ ಇದ್ದಿತ್ತಾ?” ಎಂದರು. ಅಷ್ಟರಲ್ಲಿ ಎದುರಿನಿಂದ ಒಂದು ಸ್ಕೂಟರ್ ಬಂತು. ನಾನು ಉಸಿರು ಬಿಗಿಹಿಡಿದೆ. ಅದು ತನ್ನ ಪಾಡಿಗೆ ನೇರವಾಗಿ ದಾಟಿ ಹೋಯಿತು.